ಬಸ್ಸು ಮಂಡಿಯೂರಬೇಕು: ಏರ್ ಸಸ್ಪೆನ್ಷನ್ ಹೇಗೆ ಕೆಲಸ ಮಾಡುತ್ತೆ, ಯಾರಿಗಾಗಿ ಮಾಡುತ್ತೆ?

ತಾಲ್ಲೂಕು ಕೇಂದ್ರದಿಂದ ಊರಿಗೆ ಸರ್ಕಾರಿ ಕೆಂಪು ಬಸ್ಸಿನ ಕಡೇ ಸೀಟಲ್ಲಿ ಕೂತು ಹೋದವರಿಗೆ ಹಂಪ್ ಅಂದರೆ ಏನು ಅಂತ ವಿವರಿಸಬೇಕಿಲ್ಲ. ಹಿಂದಿನ ಚಕ್ರ ಹಂಪ್ ಹತ್ತಿ ಇಳಿಯುವಷ್ಟರಲ್ಲಿ ನಾವು ಸೀಟಿನಿಂದ ಒಂದು ಗೇಣು ಮೇಲೆ ಹೋಗಿ ವಾಪಸ್ ಬಿದ್ದಿರುತ್ತೇವೆ. ಇದರಲ್ಲಿ ಒಂದು ವಿಚಿತ್ರ ಇದೆ, ಗಮನಿಸಿ. ಸಂತೆ ದಿನ ಇದೇ ಬಸ್ಸು ತುಂಬಿ ತುಳುಕುವಾಗ ಅಷ್ಟೊಂದು ಎತ್ತಿ ಹಾಕೋದಿಲ್ಲ. ಮಧ್ಯಾಹ್ನ ಹತ್ತು ಜನ ಇರುವ ಖಾಲಿ ಟ್ರಿಪ್ಪಿನಲ್ಲೇ ಸೊಂಟ ಮುರಿಯುವುದು. ಯಾಕೆ?

ಈ ಪ್ರಶ್ನೆಗೆ ಉತ್ತರ ಸಿಕ್ಕರೆ ಏರ್ ಸಸ್ಪೆನ್ಷನ್ ಯಾಕೆ ಬೇಕು ಅನ್ನುವುದು ಅರ್ಧ ಅರ್ಥವಾದ ಹಾಗೆ. ಇನ್ನರ್ಧ ಅರ್ಥವಾಗಬೇಕಾದರೆ ಟೆಂಡರ್ ದಾಖಲೆಗಳನ್ನು, ಕಾನೂನಿನ ಸೆಕ್ಷನ್‌ಗಳನ್ನು ಓದಬೇಕು. ಮೊದಲು ಯಂತ್ರದ ಮಾತು, ಆಮೇಲೆ ರಾಜಕಾರಣ.

ಪಾಟಾದ ಇಕ್ಕಟ್ಟು

ಯಾವ ವಾಹನದಲ್ಲೇ ಆಗಲಿ ಸಸ್ಪೆನ್ಷನ್ನಿಗೆ ಎರಡು ಕೆಲಸ. ಒಂದು, ಬಾಡಿಯ ಭಾರವನ್ನು ಹೊರುವುದು. ಎರಡು, ಚಕ್ರ ಗುಂಡಿಗೆ ಇಳಿದು ಹತ್ತುವಾಗ ಆ ಕುಲುಕಾಟ ಒಳಗಿರುವವರಿಗೆ ತಟ್ಟದ ಹಾಗೆ, ಚಕ್ರ ಕೂಡ ರಸ್ತೆ ಬಿಟ್ಟು ಹಾರದ ಹಾಗೆ ನೋಡಿಕೊಳ್ಳುವುದು.

ನಮ್ಮ ಲಾರಿಗಳಲ್ಲಿ, ಸಾದಾ ಬಸ್ಸುಗಳಲ್ಲಿ ಈ ಕೆಲಸ ಮಾಡುವುದು ಬಹುಪಾಲು ಲೀಫ್ ಸ್ಪ್ರಿಂಗ್. ಗ್ಯಾರೇಜಿನ ಭಾಷೆಯಲ್ಲಿ ಬ್ಲೇಡ್ ಸೆಟ್, ಉತ್ತರ ಕರ್ನಾಟಕದ ಕಡೆ ಪಾಟಾ. ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ಕಟ್ಟಿದ್ದು. ಗಟ್ಟಿ, ಅಗ್ಗ. ಎಲ್ಲಿ ಮುರಿದರೂ ಹೆದ್ದಾರಿ ಪಕ್ಕದ ಗ್ಯಾರೇಜಿನಲ್ಲಿ ರಿಪೇರಿ ಆಗುತ್ತೆ.

ಸಮಸ್ಯೆ ಏನೆಂದರೆ ಪಾಟಾದ ಬಿಗಿ ಹೆಚ್ಚುಕಡಿಮೆ ಒಂದೇ. ಬಸ್ಸು ಪೂರ್ತಿ ತುಂಬಿದಾಗ ಕೆಳಗೆ ಕುಸಿದು ಕೂರಬಾರದು ಅಂತ ಅದನ್ನು ಫುಲ್ ಲೋಡಿಗೆ ಲೆಕ್ಕ ಹಾಕಿ ಬಿಗಿಯಾಗಿ ಮಾಡಿರುತ್ತಾರೆ. ಹಾಗಾಗಿ ಖಾಲಿ ಇದ್ದಾಗ ಅದು ಬೇಕಾದ್ದಕ್ಕಿಂತ ತುಂಬಾ ಬಿಗಿ. ಸ್ಪ್ರಿಂಗ್ ಮೇಲಿನ ಭಾರ ಮೂರನೇ ಒಂದಕ್ಕೆ ಇಳಿದರೆ, ಬಾಡಿ ಕುಣಿಯುವ ವೇಗ ಮೂರರ ವರ್ಗಮೂಲದಷ್ಟು, ಅಂದರೆ 1.7 ಪಟ್ಟು ಏರುತ್ತೆ. ಸೆಕೆಂಡಿಗೆ ಒಂದೂವರೆ ಸಲ ಮೆಲ್ಲಗೆ ತೂಗುತ್ತಿದ್ದ ಬಸ್ಸು ಎರಡೂವರೆ ಸಲ ಕುಕ್ಕಲು ಶುರು ಮಾಡುತ್ತೆ. ಸಂತೆ ದಿನದ ಬಸ್ಸಿಗೂ ಮಧ್ಯಾಹ್ನದ ಬಸ್ಸಿಗೂ ಇರುವ ವ್ಯತ್ಯಾಸ ಇದೇ.

ಇದು ಬರೀ ಆರಾಮದ ಪ್ರಶ್ನೆ ಅಂತ ತಳ್ಳಿಹಾಕುವ ಹಾಗಿಲ್ಲ. ಕೂತಿರುವ ಮನುಷ್ಯನ ದೇಹಕ್ಕೆ ಸೆಕೆಂಡಿಗೆ 4ರಿಂದ 8 ಸಲದ ಮೇಲೆ-ಕೆಳಗಿನ ಕಂಪನ ಅತಿ ಹೆಚ್ಚು ತಟ್ಟುತ್ತೆ. ದೇಹದ ಮೇಲಿನ ಕಂಪನವನ್ನು ಅಳೆಯುವ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 2631 ಈ ಶ್ರೇಣಿಗೆ ಹೆಚ್ಚು ತೂಕ ಕೊಡುವುದು ಅದಕ್ಕೇ. ಸ್ಪ್ರಿಂಗ್ ಬಿಗಿಯಾದಷ್ಟೂ ರಸ್ತೆಯ ಈ ಬಗೆಯ ಕಂಪನ ಸೋಸಿಹೋಗದೆ ಒಳಗೆ ಬರುತ್ತೆ. ಪ್ರಯಾಣಿಕ ಒಂದು ಗಂಟೆ ಸಹಿಸಿಕೊಂಡು ಇಳಿದು ಹೋಗ್ತಾನೆ. ಡ್ರೈವರ್, ಕಂಡಕ್ಟರ್ ವರ್ಷಗಟ್ಟಲೆ ಅದರೊಳಗೇ ಇರ್ತಾರೆ.

ಗಾಳಿಯ ಲೆಕ್ಕ

ಈಗ ಉಕ್ಕಿನ ಪಟ್ಟಿ ತೆಗೆದು ಅದರ ಜಾಗದಲ್ಲಿ ಗಾಳಿ ತುಂಬಿದ ರಬ್ಬರ್ ಚೀಲ ಇಡಿ. ಮೆಕ್ಯಾನಿಕ್‌ಗಳು ಇದನ್ನು ಬಲೂನ್ ಅಂತಾರೆ. ಹೆಸರು ಕೇಳಿ ಹುಟ್ಟುಹಬ್ಬದ ಬಲೂನು ನೆನಪಿಸಿಕೊಳ್ಳಬೇಡಿ. ಟೈರಿನ ಹಾಗೆ ರಬ್ಬರಿನ ಒಳಗೆ ದಾರದ ಹೆಣಿಗೆ ಇರುವ ದಪ್ಪ ಚೀಲ ಅದು. ಬಸ್ಸಿನ ಮುಂದಿನ ಆಕ್ಸಲ್‌ಗೆ ಸಾಮಾನ್ಯವಾಗಿ ಎರಡು, ಹಿಂದಿನ ಆಕ್ಸಲ್‌ಗೆ ನಾಲ್ಕು.

ಇದು ಎಷ್ಟು ಭಾರ ಹೊರುತ್ತೆ ಅನ್ನುವುದು ಹೈಸ್ಕೂಲ್ ಗಣಿತ. ಭಾರ ಅಂದರೆ ಒತ್ತಡ ಗುಣಿಸು ವಿಸ್ತೀರ್ಣ. ಚೀಲದ ಪರಿಣಾಮಕಾರಿ ವಿಸ್ತೀರ್ಣ 450 ಚದರ ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಒಳಗೆ ಚದರ ಸೆಂಟಿಮೀಟರಿಗೆ 5 ಕೆ.ಜಿ. ಒತ್ತಡ ಇದ್ದರೆ ಒಂದು ಬಲೂನ್ 2,250 ಕೆ.ಜಿ. ಹೊರುತ್ತೆ. ಹಿಂದಿನ ನಾಲ್ಕೂ ಸೇರಿ 9 ಟನ್. ಬಸ್ಸು ಅರ್ಧ ಖಾಲಿಯಾಗಿ ಭಾರ ಅರ್ಧಕ್ಕೆ ಇಳಿಯಿತು ಅಂದುಕೊಳ್ಳಿ. ಆಗ ಗಾಳಿ ಹೊರಬಿಟ್ಟು ಒತ್ತಡವನ್ನು ಎರಡೂವರೆಗೆ ಇಳಿಸಿದರೆ ಮುಗೀತು.

ಗಾಳಿಯ ಸ್ಪ್ರಿಂಗಿನ ಮುಖ್ಯ ಗುಣ ಇಲ್ಲಿದೆ. ಅದರ ಬಿಗಿ ಒಳಗಿನ ಒತ್ತಡದ ಜೊತೆಗೇ ಏರುತ್ತೆ, ಇಳಿಯುತ್ತೆ. ಭಾರ ಹೆಚ್ಚಾದರೆ ಬಿಗಿ ಹೆಚ್ಚು, ಭಾರ ಕಡಿಮೆಯಾದರೆ ಬಿಗಿ ಕಡಿಮೆ. ಹಾಗಾಗಿ ಬಸ್ಸು ತುಂಬಿರಲಿ, ಖಾಲಿ ಇರಲಿ, ಬಾಡಿ ತೂಗುವ ವೇಗ ಹೆಚ್ಚುಕಡಿಮೆ ಅಷ್ಟೇ ಇರುತ್ತೆ. ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ. ಪಾಟಾದಿಂದ ಇದು ಸಾಧ್ಯವಿಲ್ಲ.

ಒಳಗೆ ಏನೇನಿದೆ

ದೊಡ್ಡ ಬಸ್ಸು, ಲಾರಿಗಳಲ್ಲಿ ಏರ್ ಬ್ರೇಕ್ ಇರುವುದರಿಂದ ಗಾಳಿಯ ಕಾರ್ಖಾನೆ ಆಗಲೇ ಅಲ್ಲಿರುತ್ತೆ. ಅದೇ ಗಾಳಿಯಲ್ಲಿ ಸಸ್ಪೆನ್ಷನ್ನೂ ನಡೆಯುತ್ತೆ. ದಾರಿ ಹೀಗಿದೆ:

ಮೊದಲಿಗೆ ಕಂಪ್ರೆಸರ್. ಡೀಸೆಲ್ ಬಸ್ಸಿನಲ್ಲಿ ಎಂಜಿನ್ನೇ ಅದನ್ನು ಓಡಿಸುತ್ತೆ. ಎಲೆಕ್ಟ್ರಿಕ್ ಬಸ್ಸಿನಲ್ಲಿ ಅದಕ್ಕೆ ಬೇರೆ ಮೋಟಾರ್ ಇರುತ್ತೆ.

ಆಮೇಲೆ ಏರ್ ಡ್ರೈಯರ್. ಗಾಳಿಯನ್ನು ಒತ್ತಿದಾಗ ಅದರಲ್ಲಿರುವ ತೇವ ನೀರಾಗುತ್ತೆ. ಆ ನೀರು ವಾಲ್ವ್‌ಗಳಿಗೆ ಹೋದರೆ ತುಕ್ಕು. ಅದನ್ನು ಇಲ್ಲೇ ಹಿಡಿಯಬೇಕು.

ಮೂರನೆಯದು ಪ್ರೊಟೆಕ್ಷನ್ ವಾಲ್ವ್ ಮತ್ತು ಟ್ಯಾಂಕ್‌ಗಳು. ಬ್ರೇಕಿಗೆ ಮೊದಲ ಹಕ್ಕು, ಸಸ್ಪೆನ್ಷನ್ನಿಗೆ ನಂತರ. ಬಲೂನ್ ಒಡೆದು ಗಾಳಿ ಸೋರಿದರೂ ಬ್ರೇಕಿನ ಟ್ಯಾಂಕ್ ಖಾಲಿಯಾಗದ ಹಾಗೆ ಈ ವಾಲ್ವ್ ತಡೆಯುತ್ತೆ.

ನಾಲ್ಕನೆಯದೇ ಮಿದುಳು: ಲೆವೆಲಿಂಗ್ ವಾಲ್ವ್. ವಾಲ್ವ್ ಇರುವುದು ಚಾಸಿಗೆ, ಅದರ ಸಣ್ಣ ಕೈ ಒಂದು ಕಡ್ಡಿಯ ಮೂಲಕ ಆಕ್ಸಲ್‌ಗೆ ಸೇರಿರುತ್ತೆ. ಸ್ಟಾಪಿನಲ್ಲಿ ಇಪ್ಪತ್ತು ಜನ ಹತ್ತಿದರು ಅನ್ನಿ. ಬಾಡಿ ಒಂಚೂರು ಕೆಳಗಿಳಿಯುತ್ತೆ. ಕಡ್ಡಿ ವಾಲ್ವಿನ ಕೈಯನ್ನು ಮೇಲಕ್ಕೆ ತಳ್ಳುತ್ತೆ. ಟ್ಯಾಂಕಿನ ಗಾಳಿ ಬಲೂನಿಗೆ ನುಗ್ಗುತ್ತೆ. ಬಾಡಿ ಮೊದಲಿನ ಎತ್ತರಕ್ಕೆ ಬಂದ ಕೂಡಲೇ ಕೈ ಸಮತಟ್ಟಾಗಿ ಗಾಳಿ ನಿಲ್ಲುತ್ತೆ. ಜನ ಇಳಿದರೆ ಇದೇ ಉಲ್ಟಾ, ಆಗ ಗಾಳಿ ‘ಫುಸ್’ ಅಂತ ಹೊರಗೆ. ಒಂದೊಂದು ಗುಂಡಿಗೂ ವಾಲ್ವ್ ಹೀಗೆ ಕುಣಿದರೆ ಗಾಳಿ ಸುಮ್ಮನೆ ವ್ಯರ್ಥ ಆಗುತ್ತಲ್ಲ? ಅದಕ್ಕೇ ಅದು ಬೇಕಂತಲೇ ನಿಧಾನ. ಗುಂಡಿಯನ್ನು ನುಂಗುವುದು ಬಲೂನಿನೊಳಗೆ ಆಗಲೇ ಇರುವ ಗಾಳಿ. ಹೊಸ ಬಸ್ಸುಗಳಲ್ಲಿ ಕಡ್ಡಿಯ ಬದಲು ಎತ್ತರ ಅಳೆಯುವ ಸೆನ್ಸರ್, ಒಂದು ಸಣ್ಣ ಕಂಪ್ಯೂಟರ್ ಮತ್ತು ವಿದ್ಯುತ್ ವಾಲ್ವ್‌ಗಳು ಇದೇ ಕೆಲಸ ಮಾಡುತ್ತವೆ.

ಐದನೆಯದು ರಾಡ್‌ಗಳು. ಪಾಟಾ ಭಾರ ಹೊರುವುದರ ಜೊತೆಗೆ ಆಕ್ಸಲ್ ಅನ್ನು ಅದರ ಜಾಗದಲ್ಲಿ ಹಿಡಿದಿಡುತ್ತೆ. ಬಲೂನಿಗೆ ಆ ಶಕ್ತಿ ಇಲ್ಲ. ಬ್ರೇಕ್ ಒತ್ತಿದಾಗ, ತಿರುವಿನಲ್ಲಿ ಆಕ್ಸಲ್ ಅತ್ತಿತ್ತ ಓಡದ ಹಾಗೆ ಹಿಡಿಯಲು ಉಕ್ಕಿನ ರಾಡ್‌ಗಳು ಬೇಕೇ ಬೇಕು.

ಕೊನೆಗೆ ಶಾಕ್ ಅಬ್ಸಾರ್ಬರ್. ಹೆಸರು ಏನೇ ಹೇಳಲಿ, ಪೆಟ್ಟನ್ನು ನುಂಗುವುದು ಸ್ಪ್ರಿಂಗ್. ಆಮೇಲೆ ಶುರುವಾಗುವ ತೂಗಾಟವನ್ನು ನಿಲ್ಲಿಸುವುದು ಶಾಕ್ ಅಬ್ಸಾರ್ಬರಿನ ಕೆಲಸ. ಪಾಟಾದ ಪಟ್ಟಿಗಳು ಒಂದಕ್ಕೊಂದು ಉಜ್ಜಿಕೊಂಡು ತೂಗಾಟವನ್ನು ತಾವೇ ಒಂದಿಷ್ಟು ತಗ್ಗಿಸುತ್ತವೆ. ಬಲೂನಿನಲ್ಲಿ ಆ ಉಜ್ಜಾಟ ಇಲ್ಲ. ಹಾಗಾಗಿ ಶಾಕ್ ಅಬ್ಸಾರ್ಬರ್ ಸತ್ತಿರುವ ಏರ್ ಬಸ್ಸು ದೋಣಿಯ ಹಾಗೆ ತೂಗುತ್ತಲೇ ಇರುತ್ತೆ.

ಎತ್ತರ ಬದಲಾಗದಿದ್ದರೆ ಏನು ಲಾಭ?

ಮೆಟ್ರೋ ನೋಡಿ. ಬೆಳಿಗ್ಗೆ ಒಂಬತ್ತಕ್ಕೆ ಕಾಲಿಡಲು ಜಾಗ ಇಲ್ಲದಷ್ಟು ತುಂಬಿದ ಬೋಗಿಯ ನೆಲವೂ, ರಾತ್ರಿಯ ಖಾಲಿ ಬೋಗಿಯ ನೆಲವೂ ಪ್ಲಾಟ್‌ಫಾರ್ಮಿಗೆ ಹೆಚ್ಚುಕಡಿಮೆ ಸಮವಾಗೇ ಇರುತ್ತೆ. ಬೋಗಿಯ ಅಡಿಯಲ್ಲಿರುವ ಗಾಳಿ ಸ್ಪ್ರಿಂಗ್ ಮತ್ತು ಲೆವೆಲಿಂಗ್ ವಾಲ್ವ್ ಇದನ್ನು ಸಾಧಿಸುತ್ತವೆ. ವೀಲ್‌ಚೇರ್ ಯಾರ ಹಂಗೂ ಇಲ್ಲದೆ ಒಳಗೆ ಹೋಗುತ್ತೆ.

ಬಸ್ಸಿನಲ್ಲೂ ಇದೇ ತತ್ವ. ಪಾಟಾ ಇರುವ ಬಸ್ಸಿನ ಬಾಡಿ ಖಾಲಿ ಇದ್ದಾಗ ಒಂದು ಎತ್ತರ, ತುಂಬಿದಾಗ ಇನ್ನೊಂದು. ಆ ಏರಿಳಿತಕ್ಕೆ ಜಾಗ ಬಿಡಲು ನೆಲವನ್ನು ಮೇಲೆ ಇಡಬೇಕಾಗುತ್ತೆ. ಗಾಳಿಯಲ್ಲಿ ಎತ್ತರ ಸ್ಥಿರವಾದ್ದರಿಂದ ನೆಲವನ್ನು ಧೈರ್ಯವಾಗಿ ಕೆಳಗಿಳಿಸಬಹುದು. ಭಾರತದ ನಗರ ಬಸ್ಸುಗಳನ್ನು ನೆಲದ ಎತ್ತರದ ಮೇಲೆ ಮೂರು ಬಗೆ ಮಾಡುತ್ತಾರೆ: 400 ಮಿ.ಮೀ.ನ ಲೋ ಫ್ಲೋರ್, 650 ಮಿ.ಮೀ.ನ ಸೆಮಿ ಲೋ ಫ್ಲೋರ್, 900 ಮಿ.ಮೀ.ನ ಸ್ಟಾಂಡರ್ಡ್. ಮೊದಲನೆಯದಕ್ಕೂ ಕೊನೆಯದಕ್ಕೂ ಅರ್ಧ ಮೀಟರ್ ಅಂತರ. ಮಂಡಿನೋವಿನ ಅಜ್ಜಿಗೆ ಆ ಅರ್ಧ ಮೀಟರೇ ಬಸ್ಸಿಗೂ ಆಟೋಗೂ ಇರುವ ಅಂತರ.

ಇದರ ಮುಂದಿನ ಹೆಜ್ಜೆಯೇ ‘ನೀಲಿಂಗ್’, ಅಂದರೆ ಮಂಡಿಯೂರುವುದು. ಸ್ಟಾಪಿನಲ್ಲಿ ಡ್ರೈವರ್ ಒಂದು ಸ್ವಿಚ್ ಒತ್ತಿದರೆ ಬಾಗಿಲಿರುವ ಎಡಬದಿಯ ಬಲೂನ್‌ಗಳಿಂದ ಗಾಳಿ ಹೊರಹೋಗಿ ಆ ಬದಿ ಆರೇಳು ಸೆಂಟಿಮೀಟರ್ ಬಾಗುತ್ತೆ. ಎಲ್ಲರೂ ಹತ್ತಿದ ಮೇಲೆ ಟ್ಯಾಂಕಿನ ಗಾಳಿ ಮತ್ತೆ ಎತ್ತುತ್ತೆ. ಬಾಗಿಲ ಬಳಿ ಮಡಚಿಟ್ಟ ರ‍್ಯಾಂಪ್ ಬಿಚ್ಚಿದರೆ ವೀಲ್‌ಚೇರ್‌ಗೆ ದಾರಿ. ಹೋಟೆಲಿನಲ್ಲಿ ಊಟಕ್ಕೆ ಕೂರುವಷ್ಟು ಸಹಜವಾಗಿ ಬಸ್ಸು ಹತ್ತುವುದು ಸಾಧ್ಯವಾಗುವುದು ಹೀಗೆ.

2006ರ ಹೊತ್ತಿಗೆ ಬೆಂಗಳೂರಿನಲ್ಲಿ ಬಿಎಂಟಿಸಿ ಇಳಿಸಿದ ಲೋ ಫ್ಲೋರ್ ವೋಲ್ವೋಗಳು ನಮ್ಮಲ್ಲಿ ಬಹಳ ಜನಕ್ಕೆ ಇಂಥ ಬಸ್ಸಿನ ಮೊದಲ ಪರಿಚಯ. ಆದರೆ ಅವು ಎಸಿ ಬಸ್ಸುಗಳು, ಟಿಕೆಟ್ ದರವೂ ಹಾಗೇ ಇತ್ತು. ಹಾಗಾಗಿ ತಗ್ಗು ನೆಲ, ಗಾಳಿ ಸ್ಪ್ರಿಂಗ್, ಎಸಿ ಎಲ್ಲವೂ ಒಂದೇ ‘ಐಷಾರಾಮಿ’ ಪೊಟ್ಟಣದಲ್ಲಿ ಕಟ್ಟಿಕೊಂಡು ನಮ್ಮ ತಲೆಯೊಳಗೆ ಕೂತುಬಿಟ್ಟವು. ಎಸಿ ಇಲ್ಲದೆಯೂ ಬಸ್ಸು ಮಂಡಿಯೂರಬಹುದು ಅನ್ನುವುದು ಯಾರಿಗೂ ಹೊಳೆಯಲಿಲ್ಲ.

ರಸ್ತೆಗೂ ಇದಕ್ಕೂ ಏನು ಸಂಬಂಧ

1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಬಳಿ ಒಂದು ದೊಡ್ಡ ಪ್ರಯೋಗ ನಡೆಯಿತು. ಬೇರೆ ಬೇರೆ ದಪ್ಪದ ರಸ್ತೆ ಹಾಕಿ, ಬೇರೆ ಬೇರೆ ಭಾರದ ಲಾರಿಗಳನ್ನು ಲಕ್ಷಾಂತರ ಸಲ ಓಡಿಸಿ ಅವು ಹೇಗೆ ಹಾಳಾಗುತ್ತವೆ ಅಂತ ಅಳೆದರು. ಅದರಿಂದ ಬಂದದ್ದೇ ‘ನಾಲ್ಕನೇ ಘಾತ’ದ ನಿಯಮ. ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಸುಮಾರು ಹದಿನಾರು ಪಟ್ಟು.

2018ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಸಿಂಗಲ್ ಆಕ್ಸಲ್ ಭಾರದ ಮಿತಿಯನ್ನು 10.2 ಟನ್ನಿಂದ 11.5 ಟನ್ನಿಗೆ ಏರಿಸಿತು. ನೋಡಲು ಶೇ. 13ರಷ್ಟು ಹೆಚ್ಚಳ. ಈ ನಿಯಮದ ಪ್ರಕಾರ ಒಂದು ಓಡಾಟದ ಹಾನಿ 1.6 ಪಟ್ಟು. ಅದೇ ಸರಕು ಸ್ವಲ್ಪ ಕಡಿಮೆ ಟ್ರಿಪ್ಪುಗಳಲ್ಲಿ ಸಾಗುತ್ತೆ ಅಂತ ಲೆಕ್ಕ ಹಿಡಿದರೂ ರಸ್ತೆಗೆ ಅದು ನಷ್ಟವೇ.

ಸಸ್ಪೆನ್ಷನ್ ಇಲ್ಲಿ ಯಾಕೆ ಬರುತ್ತೆ? ಬಿಗಿ ಸ್ಪ್ರಿಂಗಿನ ಲಾರಿ ಗುಂಡಿ ಇಳಿದು ಹತ್ತುವಾಗ ರಸ್ತೆಯ ಮೇಲೆ ಬೀಳುವ ಕ್ಷಣಿಕ ಪೆಟ್ಟು ನಿಂತ ಭಾರಕ್ಕಿಂತ ಹೆಚ್ಚು. ಮೆತ್ತನೆಯ ಸ್ಪ್ರಿಂಗು, ಸರಿಯಾದ ಶಾಕ್ ಅಬ್ಸಾರ್ಬರ್ ಇದ್ದರೆ ಆ ಪೆಟ್ಟು ಕಡಿಮೆ. ಯುರೋಪಿನ ಒಕ್ಕೂಟ ಇದನ್ನು ಕಾನೂನಿಗೇ ತಂದಿದೆ. ಅಲ್ಲಿ ಜೋಡಿ ಡ್ರೈವ್ ಆಕ್ಸಲ್ ಮೇಲೆ 18 ಟನ್ ಮಿತಿ. ಜೋಡಿ ಟೈರು ಮತ್ತು ಏರ್ ಸಸ್ಪೆನ್ಷನ್ ಅಥವಾ ಅದಕ್ಕೆ ಸಮಾನವಾದದ್ದು ಇದ್ದರೆ 19 ಟನ್. ‘ಸಮಾನ’ ಅನ್ನಿಸಿಕೊಳ್ಳಲು ಬಾಡಿಯ ಕಂಪನ ಸೆಕೆಂಡಿಗೆ 2 ಸಲ ಮೀರಬಾರದು, ತೂಗಾಟ ತಗ್ಗಿಸುವ ಶಕ್ತಿಗೂ ಕನಿಷ್ಠ ಮಿತಿ ಇದೆ. ರಸ್ತೆಗೆ ಕಡಿಮೆ ಪೆಟ್ಟು ಕೊಡುವವನಿಗೆ ಒಂದು ಟನ್ ಬಹುಮಾನ ಅಂದಹಾಗೆ.

ಏರ್ ಸಸ್ಪೆನ್ಷನ್ನಿಗೆ ಇನ್ನೊಂದು ಗುಣ ಇದೆ: ಅದು ತೂಕದ ಯಂತ್ರ ಕೂಡ. ಬಲೂನಿನ ಒತ್ತಡ ಗೊತ್ತಾದರೆ ಆಕ್ಸಲ್ ಮೇಲಿನ ಭಾರ ಗೊತ್ತಾಗುತ್ತೆ. ಒಂದು ಗೇಜ್ ಹಾಕಿದರೆ ಸಾಕು, ವೇ ಬ್ರಿಡ್ಜಿಗೆ ಹೋಗುವ ಮೊದಲೇ ಓವರ್‌ಲೋಡ್ ಕಾಣುತ್ತೆ. ಗೇಜ್ ಇಲ್ಲದಿದ್ದರೆ ಇದೇ ಗುಣ ಅಪಾಯ. ಪಾಟಾದ ಲಾರಿ ಮಿತಿಮೀರಿ ತುಂಬಿದರೆ ಹಿಂದೆ ಕುಸಿದು ಕಣ್ಣಿಗೆ ಕಾಣುತ್ತೆ, ಏರ್ ಲಾರಿಯಲ್ಲಿ ಲೆವೆಲಿಂಗ್ ವಾಲ್ವ್ ಅದನ್ನು ಎತ್ತಿ ನಿಲ್ಲಿಸಿ ಮುಚ್ಚಿಹಾಕುತ್ತೆ. ಬಳ್ಳಾರಿಯ ಅದಿರು ಲಾರಿಗಳ ಕಾಲವನ್ನು ಕಂಡ ರಾಜ್ಯ ನಮ್ಮದು. ಲೋಕಾಯುಕ್ತದ ಗಣಿ ವರದಿ ಓವರ್‌ಲೋಡಿಂಗ್ ಬಗ್ಗೆಯೂ ಹೇಳಿತ್ತು. ತಂತ್ರಜ್ಞಾನ ತಾನಾಗಿ ಪ್ರಾಮಾಣಿಕ ಅಲ್ಲ, ಅಪ್ರಾಮಾಣಿಕವೂ ಅಲ್ಲ. ಗೇಜ್ ಕಡ್ಡಾಯ ಮಾಡುತ್ತೀರೋ ಇಲ್ಲವೋ ಅನ್ನುವುದು ಸರ್ಕಾರದ ತೀರ್ಮಾನ.

ಎಲ್ಲಿ ಕೈಕೊಡುತ್ತೆ

ಇದರ ತೊಂದರೆಗಳನ್ನು ಮುಚ್ಚಿಟ್ಟು ಬರೆದರೆ ಡಿಪೋದ ಮೆಕ್ಯಾನಿಕ್‌ಗಳು ನಗ್ತಾರೆ. ಬಲೂನು ಹಳೆಯದಾದರೆ ಮಡಿಕೆಯಲ್ಲಿ ಬಿರುಕು ಬಿಡುತ್ತೆ. ಸಣ್ಣ ಕಲ್ಲು ಸಿಕ್ಕಿಕೊಂಡರೂ ತೂತು. ಪೈಪಿನ ಜಾಯಿಂಟಿನಲ್ಲಿ ಸೋರಿಕೆ ಇದ್ದರೆ ಕಂಪ್ರೆಸರ್ ಬಿಡುವಿಲ್ಲದೆ ಓಡಿ ಬೇಗ ಸವೆಯುತ್ತೆ. ರಾತ್ರಿ ನೆಟ್ಟಗೆ ನಿಲ್ಲಿಸಿದ ಬಸ್ಸು ಬೆಳಿಗ್ಗೆ ಒಂದು ಬದಿಗೆ ವಾಲಿದ್ದರೆ ಆ ಬದಿಯಲ್ಲಿ ಗಾಳಿ ಸೋರಿದೆ ಅಂತಲೇ ಅರ್ಥ. ಡ್ರೈಯರ್ ಕಾರ್ಟ್ರಿಜ್ ಕಾಲಕ್ಕೆ ಸರಿಯಾಗಿ ಬದಲಿಸದಿದ್ದರೆ ನೀರು ಹೊಕ್ಕು ವಾಲ್ವ್ ಕೆಡುತ್ತೆ. ಗಾಳಿ ಪೂರ್ತಿ ಹೋದರೆ ಬಾಡಿ ರಬ್ಬರಿನ ಸ್ಟಾಪರ್ ಮೇಲೆ ಕೂರುತ್ತೆ. ನಿಧಾನವಾಗಿ ಡಿಪೋ ತನಕ ಹೋಗಬಹುದು, ಜನರನ್ನು ತುಂಬಿಕೊಂಡು ಓಡಿಸುವ ಹಾಗಿಲ್ಲ.

ತಗ್ಗು ನೆಲಕ್ಕೂ ಮಿತಿ ಇದೆ. ಗಜಗಾತ್ರದ ಹಂಪ್, ಕಿತ್ತುಹೋದ ಹಳ್ಳಿ ರಸ್ತೆಯಲ್ಲಿ 400 ಮಿ.ಮೀ. ನೆಲದ ಬಸ್ಸು ತಳ ಉಜ್ಜಿಕೊಳ್ಳುತ್ತೆ. ಹಾಗಾಗಿ ಮಲೆನಾಡಿನ ಕಚ್ಚಾ ರಸ್ತೆಗೂ ಲೋ ಫ್ಲೋರ್ ಕೊಡಿ ಅನ್ನುವುದು ಮೂರ್ಖತನ. ಆದರೆ ಎತ್ತರದ ನೆಲದ ಬಸ್ಸಿಗೂ ಏರ್ ಸಸ್ಪೆನ್ಷನ್ ಹಾಕಬಹುದು, ಕಡೇ ಪಕ್ಷ ಹಿಂದಿನ ಆಕ್ಸಲ್‌ಗಾದರೂ. ಅಂಥ ಬಸ್ಸುಗಳು ಮಾರುಕಟ್ಟೆಯಲ್ಲಿವೆ.

ಕಾನೂನು ಏನು ಹೇಳುತ್ತೆ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 41ನೇ ಸೆಕ್ಷನ್ ಸಾರಿಗೆ ವ್ಯವಸ್ಥೆ ಎಲ್ಲರೂ ಬಳಸುವ ಹಾಗಿರಬೇಕು ಅನ್ನುತ್ತೆ. ಬಸ್ ನಿಲ್ದಾಣಗಳೂ ಅದರಲ್ಲಿ ಸೇರಿವೆ. ಹಳೇ ವಾಹನಗಳ ವಿಚಾರಕ್ಕೆ ಬಂದಾಗ ಮಾತ್ರ ‘ತಾಂತ್ರಿಕವಾಗಿ ಸಾಧ್ಯವಿದ್ದರೆ, ಆರ್ಥಿಕವಾಗಿ ಹೊಂದುವಂತಿದ್ದರೆ’ ಅನ್ನುವ ಷರತ್ತು ಇದೆ. ಅದು ಹಳೇ ವಾಹನಗಳಿಗೆ ಕೊಟ್ಟ ವಿನಾಯಿತಿ. ಇವತ್ತು ಹೊಸದಾಗಿ ಕೊಳ್ಳುವ ಬಸ್ಸಿಗೆ ಅದನ್ನು ನೆಪ ಮಾಡುವ ಹಾಗಿಲ್ಲ. ದೆಹಲಿಯಲ್ಲಿ ಸ್ಟಾಂಡರ್ಡ್ ಫ್ಲೋರ್ ಬಸ್ಸುಗಳ ಖರೀದಿ ಹೈಕೋರ್ಟ್ ಮೆಟ್ಟಿಲೇರಿದ್ದು ಇದೇ ಪ್ರಶ್ನೆಯ ಮೇಲೆ.

ಎತ್ತರದ ಬಸ್ಸಿಗೆ ಲಿಫ್ಟ್ ಹಾಕಿದರೆ ಆಯ್ತಲ್ಲ ಅಂತ ಕೆಲವರು ಕೇಳುತ್ತಾರೆ. ಲಿಫ್ಟನ್ನು ಯಾರಾದರೂ ಬಂದು ನಡೆಸಬೇಕು, ಅಷ್ಟು ಹೊತ್ತು ಇಡೀ ಬಸ್ಸು ಕಾಯಬೇಕು, ಎಲ್ಲರ ಕಣ್ಣು ಒಬ್ಬರ ಮೇಲೆ. ತಗ್ಗು ನೆಲದ ಬಸ್ಸಿನಲ್ಲಿ ವೀಲ್‌ಚೇರಿನವರ ಜೊತೆಗೆ ಗರ್ಭಿಣಿ, ಅಜ್ಜ, ಮಗು ಎತ್ತಿಕೊಂಡ ತಾಯಿ, ತರಕಾರಿ ಮೂಟೆ ಹೊತ್ತವರು ಎಲ್ಲರೂ ಒಂದೇ ಬಾಗಿಲಲ್ಲಿ ಹತ್ತುತ್ತಾರೆ. ಬಸ್ಸು ಸ್ಟಾಪಿನಲ್ಲಿ ನಿಲ್ಲುವ ಸಮಯವೂ ಉಳಿಯುತ್ತೆ.

2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಹೆಣ್ಣುಮಕ್ಕಳಿಗೆ ಸಾದಾ ಬಸ್ಸುಗಳ ಬಾಗಿಲು ತೆರೆಯಿತು. ಎಸಿ, ಐಷಾರಾಮಿ ಬಸ್ಸುಗಳು ಅದರಲ್ಲಿ ಇಲ್ಲ. ಟಿಕೆಟ್ಟಿನ ಅಡ್ಡಿ ಹೋಯಿತು, ಮೆಟ್ಟಿಲಿನ ಅಡ್ಡಿ ಬಹಳ ಕಡೆ ಉಳಿಯಿತು. ಬೆಂಗಳೂರಿನಲ್ಲಿ ಈಗ ಓಡುವ 12 ಮೀಟರಿನ, ಎಸಿ ಇಲ್ಲದ ಲೋ ಫ್ಲೋರ್ ಎಲೆಕ್ಟ್ರಿಕ್ ಬಸ್ಸುಗಳಲ್ಲಿ ಈ ಎರಡೂ ಅಡ್ಡಿ ಒಟ್ಟಿಗೆ ಇಲ್ಲವಾಗುತ್ತವೆ. ಐಷಾರಾಮಿ ಪೊಟ್ಟಣವನ್ನು ಬಿಚ್ಚಬಹುದು ಅನ್ನುವುದಕ್ಕೆ ಇದೇ ಸಾಕ್ಷಿ.

ಕೇಳಬೇಕಾದ ಪ್ರಶ್ನೆಗಳು

ಎಲೆಕ್ಟ್ರಿಕ್ ಬಸ್ಸುಗಳನ್ನು ಈಗ ನಿಗಮಗಳು ಹೆಚ್ಚಾಗಿ ಗುತ್ತಿಗೆಗೆ ಪಡೆಯುತ್ತಿವೆ. ಬಸ್ಸು ಮತ್ತು ನಿರ್ವಹಣೆ ಖಾಸಗಿಯವರದ್ದು, ನಿಗಮ ಕಿಲೋಮೀಟರಿಗೆ ಇಷ್ಟು ಅಂತ ಕೊಡುತ್ತೆ. ಕಿಲೋಮೀಟರ್ ಮಾತ್ರ ಲೆಕ್ಕಕ್ಕೆ ಬಂದರೆ ಮಂಡಿಯೂರುವ ಸ್ವಿಚ್ ಕೆಟ್ಟರೂ ಬಿಲ್ಲಿಗೆ ಧಕ್ಕೆ ಇಲ್ಲ. ಹಾಗಾಗಿ ನಿಮ್ಮ ಊರಿಗೆ ಹೊಸ ಬಸ್ಸು ಬಂತು ಅಂದಾಗ ಶಾಸಕರು ಹಸಿರು ಬಾವುಟ ಹಾರಿಸುವ ಫೋಟೋ ನೋಡಿ ಸುಮ್ಮನಾಗಬೇಡಿ. ಆರ್‌ಟಿಐ ಹಾಕಿ ಇಷ್ಟು ಕೇಳಿ:

ನೆಲದ ಎತ್ತರ ಎಷ್ಟು? ಎರಡೂ ಆಕ್ಸಲ್‌ಗೆ ಏರ್ ಸಸ್ಪೆನ್ಷನ್ ಇದೆಯಾ, ಹಿಂದಕ್ಕೆ ಮಾತ್ರವಾ? ನೀಲಿಂಗ್ ಮತ್ತು ರ‍್ಯಾಂಪ್ ಇದೆಯಾ, ಕೆಟ್ಟರೆ ಗುತ್ತಿಗೆದಾರರಿಗೆ ದಂಡ ಇದೆಯಾ? ಡ್ರೈವರ್‌ಗಳಿಗೆ ಅದನ್ನು ಬಳಸುವ ತರಬೇತಿ ಆಗಿದೆಯಾ? ಬಸ್ ಸ್ಟಾಪಿನ ಫುಟ್‌ಪಾತ್ ಬಸ್ಸಿನ ನೆಲಕ್ಕೆ ಹೊಂದುವ ಎತ್ತರದಲ್ಲಿ ಇದೆಯಾ?

ಕೊನೆಯ ಪ್ರಶ್ನೆ ಸಣ್ಣದಲ್ಲ. ಸ್ಟಾಪಿನ ಮುಂದೆ ಬೈಕು, ಆಟೋ ನಿಂತಿದ್ದರೆ ಬಸ್ಸು ರಸ್ತೆ ನಡುವೆಯೇ ನಿಲ್ಲುತ್ತೆ. ಆಗ ಎಷ್ಟೇ ಒಳ್ಳೆಯ ಬಲೂನ್ ಇದ್ದರೂ ಅದು ಬಾಗುವುದು ಡಾಂಬರಿನ ಕಡೆಗೆ. ಫುಟ್‌ಪಾತಿನ ಮೇಲೆ ಕಾಯುತ್ತಿರುವ ಅಜ್ಜಿ ರಸ್ತೆಗಿಳಿದು ಮತ್ತೆ ಹತ್ತಲೇಬೇಕು. ಬಸ್ಸಿನ ಗಾಳಿಯನ್ನು ಕಂಪ್ರೆಸರ್ ನೋಡಿಕೊಳ್ಳುತ್ತೆ. ಸ್ಟಾಪಿನ ಎದುರು ಜಾಗ ಖಾಲಿ ಇಡಿಸುವುದು, ಫುಟ್‌ಪಾತ್ ಕಟ್ಟಿಸುವುದು ನಗರಪಾಲಿಕೆಯ ಕೆಲಸ. ಅದನ್ನು ಮಾಡಿಸುವುದು ನಮ್ಮ ಕೆಲಸ.